ಉತ್ತರ ಸಲ್ಲಿಸುವ ಮೊದಲೇ ಎದುರಾಳಿ ಪೇಟೆಂಟ್ ದಾವೆ ಹಿಂತೆಗೆದರೆ ಏನು ಅರ್ಥ?

ಪ್ರಶ್ನೆ: ನಮ್ಮದು ರಕ್ತನಾಳಕ್ಕೆ ಹಾಕುವ ಸುರಕ್ಷತಾ ಕ್ಯಾನುಲಾ (ಸೂಜಿಯ ಮೂಲಕ ಒಳಸೇರಿಸುವ ತೆಳು ಕೊಳವೆ) ತಯಾರಿಸುವ ಸಣ್ಣ ಕಂಪನಿ. ಎಫ್‌ಡಿಎ (ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ) ಅನುಮತಿ ಪಡೆದು ಅಮೆರಿಕದಲ್ಲಿ ಮಾರಾಟ ಆರಂಭಿಸಿದ ಮೇಲೆ ಅಲ್ಲಿನ ದೊಡ್ಡ ಪ್ರತಿಸ್ಪರ್ಧಿ ಕಂಪನಿಯೊಂದು ನಮ್ಮ ಮೇಲೆ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಪೇಟೆಂಟ್ ಉಲ್ಲಂಘನೆಯ ದಾವೆ ಹೂಡಿತು. ಸಮನ್ಸ್ ಜಾರಿಯಾಯಿತು, ವಕೀಲರನ್ನು ನೇಮಿಸಿದೆವು, ಉತ್ತರ ಸಿದ್ಧವಾಗುತ್ತಿತ್ತು. ಅಷ್ಟರಲ್ಲಿ ಅವರೇ ದಾವೆ ಹಿಂತೆಗೆದುಕೊಂಡಿದ್ದಾರೆ. ಇದನ್ನು ಗೆಲುವೆಂದು ತಿಳಿಯಬಹುದೇ? ಅವರು ಮತ್ತೆ ಬರಬಹುದೇ? ವಕೀಲರಿಗೆ ಕೊಟ್ಟ ಹಣ ವಾಪಸು ಸಿಗುತ್ತದೆಯೇ?

ಉತ್ತರ: ಸದ್ಯಕ್ಕೆ ದಾವೆ ಮುಗಿದಿದೆ, ವಿವಾದ ಮುಗಿದಿಲ್ಲ. ಎದುರಾಳಿ ಮತ್ತೆ ಬರಬಹುದು. ಹಣ ವಾಪಸು ಸಿಗುವ ಸಾಧ್ಯತೆ ಬಹಳ ಕಡಿಮೆ. ಇಷ್ಟು ಹೇಳಿ ಸುಮ್ಮನಾದರೆ ನಿಮಗೆ ಉಪಯೋಗವಿಲ್ಲ, ಏಕೆಂದರೆ ನಿಮ್ಮ ಕಡೆ ಒಂದು ಗಡಿಯಾರ ಆಗಲೇ ಓಡಲು ಶುರುವಾಗಿದೆ, ದಾವೆ ಹಿಂತೆಗೆದದ್ದರಿಂದ ಅದು ನಿಂತಿಲ್ಲ ಎಂದೇ ಎಣಿಸಬೇಕು. ಅದರ ವಿಷಯವನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಮೊದಲು ವಾದಿಯ ವಕೀಲರು ಸಲ್ಲಿಸಿರುವ ಹಿಂತೆಗೆತದ ನೋಟಿಸ್ ಅನ್ನು ತೆಗೆದು ಎದುರಿಗಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ಒಂದು ಪುಟ ದಾಟುವುದಿಲ್ಲ. ಅದರಲ್ಲಿ ಮೂರು ಸಂಗತಿ ನೋಡಬೇಕು: ಯಾವ ನಿಯಮದಡಿ ಹಿಂತೆಗೆದಿದ್ದಾರೆ, ‘ವಿತ್ ಪ್ರಿಜುಡೀಸ್’ ಎಂದಿದೆಯೋ ‘ವಿತೌಟ್ ಪ್ರಿಜುಡೀಸ್’ ಎಂದಿದೆಯೋ, ಮತ್ತು ಯಾವ ಯಾವ ಪ್ರತಿವಾದಿಗಳ ಹೆಸರು ಅದರಲ್ಲಿದೆ.

ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳ ಪೈಕಿ 41ನೆಯ ನಿಯಮ ವಾದಿಗೆ ಬಹಳ ದೊಡ್ಡ ಸ್ವಾತಂತ್ರ್ಯ ಕೊಟ್ಟಿದೆ. ಪ್ರತಿವಾದಿ ತನ್ನ ಲಿಖಿತ ಉತ್ತರವನ್ನಾಗಲಿ, ವಿಚಾರಣೆಯಿಲ್ಲದೆ ತೀರ್ಪು ಕೋರುವ ಸಮರಿ ಜಡ್ಜ್‌ಮೆಂಟ್ ಅರ್ಜಿಯನ್ನಾಗಲಿ ವಾದಿಗೆ ತಲುಪಿಸುವ ತನಕ, ವಾದಿಯು ನ್ಯಾಯಾಧೀಶರ ಅನುಮತಿ ಇಲ್ಲದೆ, ಪ್ರತಿವಾದಿಯ ಒಪ್ಪಿಗೆಯನ್ನೂ ಕೇಳದೆ, ಕೇವಲ ಒಂದು ನೋಟಿಸ್ ಸಲ್ಲಿಸಿ ದಾವೆಯನ್ನು ಕೊನೆಗೊಳಿಸಬಹುದು. ಇದು ಅರ್ಜಿಯಲ್ಲವಾದ್ದರಿಂದ ಇದರ ಮೇಲೆ ಆದೇಶ ಬೇಕಾಗಿಲ್ಲ. ಸಲ್ಲಿಸಿದ ಕ್ಷಣದಲ್ಲೇ ಜಾರಿಗೆ ಬರುತ್ತದೆ. ಹೀಗೆ ಹಿಂತೆಗೆಯಲು ಕಾರಣ ಹೇಳಬೇಕಾಗಿಲ್ಲ. ನೋಟಿಸ್‌ನಲ್ಲಿ ಬೇರೆ ರೀತಿ ಬರೆದಿರದಿದ್ದರೆ ಈ ಹಿಂತೆಗೆತ ‘ವಿತೌಟ್ ಪ್ರಿಜುಡೀಸ್’, ಅಂದರೆ ಅದೇ ದಾವೆಯನ್ನು ಮತ್ತೆ ಹೂಡುವ ಹಕ್ಕು ವಾದಿಯ ಬಳಿಯೇ ಉಳಿದಿರುತ್ತದೆ. ‘ವಿತ್ ಪ್ರಿಜುಡೀಸ್’ ಎಂದಿದ್ದರೆ ಮಾತ್ರ ಅದು ಗುಣಾವಗುಣದ ಮೇಲೆ ಕೊಟ್ಟ ತೀರ್ಪಿಗೆ ಸಮ, ಅದೇ ದಾವೆಯನ್ನು ಮತ್ತೆ ಹೂಡುವಂತಿಲ್ಲ.

ಇಲ್ಲಿ ಬಹಳ ಮಂದಿ ಎಡವುವುದು ಒಂದು ಕಡೆ ಇದೆ. ದಾವೆಯೇ ನಿಲ್ಲುವಂಥದ್ದಲ್ಲ, ವಾದಪತ್ರದಲ್ಲಿ ಹುರುಳಿಲ್ಲ ಎಂದು 12ನೆಯ ನಿಯಮದಡಿ ವಜಾ ಕೋರಿ ಸಲ್ಲಿಸುವ ಅರ್ಜಿ, ‘ಉತ್ತರ’ ಎನಿಸಿಕೊಳ್ಳುವುದಿಲ್ಲ. ಪ್ರತಿವಾದಿಯ ವಕೀಲರು ವಾರಗಟ್ಟಲೆ ಶ್ರಮಪಟ್ಟು ಅಂಥ ಅರ್ಜಿ ಸಲ್ಲಿಸಿದ ಮರುದಿನವೂ ವಾದಿ ನೋಟಿಸ್ ಕೊಟ್ಟು ಹೊರಟುಹೋಗಬಹುದು. ಹೋಗುವಾಗ ನಿಮ್ಮ ವಾದವನ್ನೆಲ್ಲ ಪುಕ್ಕಟೆಯಾಗಿ ಓದಿಕೊಂಡೂ ಹೋಗುತ್ತಾರೆ. ಇದಲ್ಲದೆ, ಉತ್ತರ ಸಲ್ಲಿಸಲು ಸಮನ್ಸ್ ತಲುಪಿದ ದಿನದಿಂದ ಸಾಮಾನ್ಯವಾಗಿ 21 ದಿನಗಳಿರುತ್ತವೆ, ಆದರೆ ಸಮನ್ಸ್ ಜಾರಿಯ ವಿಧಿಯನ್ನು ಬಿಟ್ಟುಕೊಡಲು ಪ್ರತಿವಾದಿ ಒಪ್ಪಿದರೆ, ಕೋರಿಕೆ ಕಳುಹಿಸಿದ ದಿನದಿಂದ ಲೆಕ್ಕ ಹಾಕಿ 60 ದಿನ, ಅಮೆರಿಕದ ಹೊರಗಿರುವ ಪ್ರತಿವಾದಿಗೆ 90 ದಿನ ಸಿಗುತ್ತದೆ. ಈ ಹೆಚ್ಚಿನ ಸಮಯ ಪ್ರತಿವಾದಿಗೆ ಅನುಕೂಲವೆಂದು ಎಲ್ಲರೂ ಭಾವಿಸುತ್ತಾರೆ. ಅದು ನಿಜವೇ, ಆದರೆ ವಾದಿಗೆ ಯಾವ ವೆಚ್ಚವೂ ಇಲ್ಲದೆ ಹಿಂದೆ ಸರಿಯುವ ಬಾಗಿಲೂ ಅಷ್ಟೇ ದಿನ ತೆರೆದಿರುತ್ತದೆ ಎಂಬುದನ್ನು ಮರೆಯಬಾರದು.

ಈ ಸ್ವಾತಂತ್ರ್ಯಕ್ಕೆ ಒಂದು ಮಿತಿ ಇದೆ. ಅದೇ ಹಕ್ಕನ್ನು ಆಧರಿಸಿದ ದಾವೆಯೊಂದನ್ನು ವಾದಿ ಹಿಂದೆ ಒಮ್ಮೆ ಹಿಂತೆಗೆದಿದ್ದರೆ, ಎರಡನೆಯ ಸಲ ಕೊಡುವ ನೋಟಿಸ್ ತಾನಾಗಿಯೇ ಗುಣಾವಗುಣದ ತೀರ್ಪಿನ ಪರಿಣಾಮ ಪಡೆಯುತ್ತದೆ. ಮೊದಲ ದಾವೆ ರಾಜ್ಯ ನ್ಯಾಯಾಲಯದಲ್ಲಿದ್ದರೂ ಈ ನಿಯಮ ಅನ್ವಯಿಸುತ್ತದೆ, ಆದರೆ ಪೇಟೆಂಟ್ ದಾವೆಗಳು ಫೆಡರಲ್ ನ್ಯಾಯಾಲಯಕ್ಕೆ ಮೀಸಲಾದ್ದರಿಂದ ನಿಮಗೆ ಆ ಮಾತು ಅಷ್ಟಾಗಿ ಬೇಕಾಗಿಲ್ಲ. ಅಲ್ಲದೆ, ಹಿಂತೆಗೆದ ದಾವೆಯನ್ನೇ ಅದೇ ಪ್ರತಿವಾದಿಯ ಮೇಲೆ ಮತ್ತೆ ಹೂಡಿದರೆ, ಹಿಂದಿನ ದಾವೆಯ ವೆಚ್ಚವನ್ನು ಕಟ್ಟುವವರೆಗೆ ಹೊಸ ದಾವೆಯನ್ನು ತಡೆಹಿಡಿಯುವ ಅಧಿಕಾರ ನ್ಯಾಯಾಲಯಕ್ಕಿದೆ. ಆದ್ದರಿಂದ ಈ ಮೊದಲ ನೋಟಿಸ್ ಅನ್ನು, ಅದು ತಲುಪಿದ ದಿನಾಂಕದ ಸಮೇತ, ಜೋಪಾನವಾಗಿಡಿ. ಮುಂದೊಂದು ದಿನ ಅದೇ ನಿಮ್ಮ ರಕ್ಷಣೆಗೆ ಬರಬಹುದು.

ಇನ್ನು ಅವರು ಹಿಂದೆ ಸರಿದದ್ದೇಕೆ ಎಂಬುದಕ್ಕೆ ಬರೋಣ. ನೋಟಿಸ್‌ನಲ್ಲಿ ಕಾರಣ ಇರುವುದಿಲ್ಲವಾದರೂ ಕಾರಣವನ್ನು ಊಹಿಸುವುದು ವ್ಯರ್ಥ ಕುತೂಹಲವಲ್ಲ. ಅವರು ಮತ್ತೆ ಬರುವ ಸಾಧ್ಯತೆ ಎಷ್ಟು, ಬಂದರೆ ಯಾವ ರೂಪದಲ್ಲಿ ಎಂಬುದು ಕಾರಣದ ಮೇಲೆಯೇ ನಿಂತಿದೆ.

ವೈದ್ಯಕೀಯ ಸಾಧನಗಳ ದಾವೆಗಳಲ್ಲಿ ನಾನು ಮೊದಲು ಅನುಮಾನಿಸುವ ಕಾರಣ, ಸಾಧನವನ್ನು ಬಿಚ್ಚಿ ನೋಡದೆಯೇ ದಾವೆ ಹೂಡಿರುವುದು. ವೈದ್ಯರ ಆದೇಶದ ಮೇಲೆ ಆಸ್ಪತ್ರೆಗಳಿಗೆ ಮಾತ್ರ ಪೂರೈಕೆಯಾಗುವ ಸಾಧನವನ್ನು ಪ್ರತಿಸ್ಪರ್ಧಿ ಅಂಗಡಿಯಲ್ಲಿ ಕೊಳ್ಳಲಾಗದು. ಆದ್ದರಿಂದ ವಾದಪತ್ರಗಳು ಹಲವು ಬಾರಿ ಎಫ್‌ಡಿಎ ಪ್ರಕಟಿಸುವ 510(ಕೆ) ಎಂಬ ಮಾರಾಟ ಅನುಮತಿಯ ಸಾರಾಂಶ, ಮಾರಾಟದ ಕರಪತ್ರ ಮತ್ತು ತರಬೇತಿ ವಿಡಿಯೋಗಳ ಮೇಲೆ ನಿಂತಿರುತ್ತವೆ. ನಿಮ್ಮ ಕ್ಷೇತ್ರದ್ದೇ ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಿ. ಪೇಟೆಂಟ್‌ನ ಕ್ಲೇಮ್‌ನಲ್ಲಿ (ಪೇಟೆಂಟ್ ಹಕ್ಕಿನ ಎಲ್ಲೆ ಎಷ್ಟೆಂದು ಹೇಳುವ ವಾಕ್ಯದಲ್ಲಿ) ‘ಸೂಜಿಯನ್ನು ಕ್ಯಾನುಲಾದಿಂದ ಹೊರಗೆಳೆದಾಗ ಸ್ಪ್ರಿಂಗ್ ತಾನಾಗಿ ಬಿಡುಗಡೆಯಾಗಿ ಸೂಜಿಯನ್ನು ಹಿಡಿಕೆಯೊಳಗೆ ಸೆಳೆದುಕೊಳ್ಳುತ್ತದೆ’ ಎಂದಿದೆ ಎನ್ನೋಣ. ಪ್ರತಿವಾದಿಯ ಕರಪತ್ರದಲ್ಲಿ ‘ಸ್ವಯಂಚಾಲಿತ ಸೂಜಿ ಸುರಕ್ಷತೆ’ ಎಂಬ ಸಾಲಿದೆ. ಕಾಗದದ ಮೇಲೆ ಎರಡೂ ಒಂದೇ ಎನಿಸುತ್ತವೆ. ನಿಜವಾದ ಸಾಧನದಲ್ಲಿ ದಾದಿ ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಮಾತ್ರ ಸ್ಪ್ರಿಂಗ್ ಬಿಡುಗಡೆಯಾಗುತ್ತದೆ. ಒತ್ತದಿದ್ದರೆ ಸೂಜಿ ಹೊರಗೇ ಉಳಿಯುತ್ತದೆ. ಕ್ಲೇಮ್‌ನಲ್ಲಿರುವ ಪ್ರತಿಯೊಂದು ಅಂಶವೂ ಸಾಧನದಲ್ಲಿರಬೇಕು, ಅಥವಾ ಅದಕ್ಕೆ ಸಮಾನವಾದದ್ದು ಇರಬೇಕು ಎಂಬುದು ಉಲ್ಲಂಘನೆಯ ಮೂಲ ನಿಯಮವಾದ್ದರಿಂದ, ಆ ಒಂದು ಗುಂಡಿ ಇಡೀ ದಾವೆಯನ್ನು ಉರುಳಿಸಬಲ್ಲದು. ಪ್ರತಿವಾದಿಯ ವಕೀಲರು ಗೋಪ್ಯತೆಯ ಕರಾರಿನ ಮೇಲೆ ಮಾದರಿ ಮತ್ತು ವಿನ್ಯಾಸದ ನಕ್ಷೆ ತೋರಿಸಿದರೆ, ಎದುರು ಪಕ್ಷದ ವಕೀಲರು ಜವಾಬ್ದಾರಿಯುಳ್ಳವರಾದರೆ, ದಾವೆ ವಾಪಸಾಗುತ್ತದೆ. ನಿಮ್ಮ ವಕೀಲರು ಇಂಥದ್ದೇನಾದರೂ ಕಳುಹಿಸಿದ್ದರೇ ಎಂದು ಕೇಳಿ. ಕಳುಹಿಸಿದ್ದರೆ ನಿಮ್ಮ ಸ್ಥಿತಿ ಗಟ್ಟಿಯಾಗಿದೆ, ಏಕೆಂದರೆ ಆ ವಿವರ ತಿಳಿದ ಮೇಲೂ ಮತ್ತೆ ದಾವೆ ಹೂಡಿದರೆ ಅದು ಅಜ್ಞಾನದಿಂದ ಆದದ್ದೆಂದು ಅವರು ಹೇಳುವಂತಿಲ್ಲ.

510(ಕೆ) ಬಗ್ಗೆ ಇಲ್ಲೇ ಒಂದು ಮಾತು ಸೇರಿಸಬೇಕು. ಮೊದಲೇ ಮಾರುಕಟ್ಟೆಯಲ್ಲಿರುವ ಸಾಧನವೊಂದಕ್ಕೆ ತಮ್ಮದು ‘ಗಣನೀಯವಾಗಿ ಸಮಾನ’ ಎಂದು ಹೇಳಿಯೇ ಈ ಅನುಮತಿ ಪಡೆಯಬೇಕು. ಆ ಹೋಲಿಕೆಯ ಸಾಧನ ಎದುರಾಳಿಯದ್ದೇ ಆಗಿದ್ದರೆ, ‘ಸಮಾನವೆಂದು ನೀವೇ ಬರೆದುಕೊಟ್ಟಿದ್ದೀರಿ’ ಎಂದು ವಾದಪತ್ರದಲ್ಲಿ ಎತ್ತಿ ತೋರಿಸುತ್ತಾರೆ. ಎಫ್‌ಡಿಎ ಅಳೆಯುವುದು ಸುರಕ್ಷತೆ ಮತ್ತು ಪರಿಣಾಮವನ್ನು. ಪೇಟೆಂಟ್ ಕಾನೂನು ಅಳೆಯುವುದು ಕ್ಲೇಮ್‌ನ ಶಬ್ದಗಳನ್ನು. ಎರಡು ಸಮಾನತೆಗಳೂ ಬೇರೆ ಬೇರೆ. ಆದರೂ ಆ ಕಡತದಲ್ಲಿ ನಿಮ್ಮವರು ತಾಂತ್ರಿಕ ವಿವರ ಬರೆದಿರುವ ರೀತಿ ಸಾಕ್ಷ್ಯವಾಗಿ ಬರಬಹುದು. ಮುಂದಿನ ಮಾದರಿಗೆ ಅರ್ಜಿ ಸಲ್ಲಿಸುವ ಮೊದಲು ಪೇಟೆಂಟ್ ವಕೀಲರು ಅದನ್ನು ಒಮ್ಮೆ ಓದುವುದು ಒಳ್ಳೆಯದು.

ಎರಡನೆಯ ಕಾರಣ, ದಾವೆ ಹೂಡುವ ಹಕ್ಕು ಪೂರ್ತಿಯಾಗಿ ವಾದಿಯ ಕೈಯಲ್ಲಿ ಇಲ್ಲದಿರುವುದು. ಈ ಕ್ಷೇತ್ರದಲ್ಲಿ ಸಾಧನದ ಮೂಲ ಕಲ್ಪನೆ ಶಸ್ತ್ರವೈದ್ಯರದ್ದೋ ವಿಶ್ವವಿದ್ಯಾಲಯದ್ದೋ ಆಗಿರುತ್ತದೆ, ಕಂಪನಿ ಪರವಾನಗಿ ಪಡೆದಿರುತ್ತದೆ. ಪೇಟೆಂಟ್‌ನ ಎಲ್ಲ ಸಹಮಾಲೀಕರೂ ವಾದಿಗಳಾಗಿ ಸೇರದಿದ್ದರೆ ದಾವೆ ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ದೇಹಕ್ಕೆ ಸಣ್ಣ ರಂಧ್ರ ಮಾಡಲು ಬಳಸುವ ಟ್ರೋಕಾರ್ ಎಂಬ ಉಪಕರಣದ ಬಗ್ಗೆ ಎಥಿಕಾನ್ ಕಂಪನಿ ಯು.ಎಸ್. ಸರ್ಜಿಕಲ್ ಮೇಲೆ ಹೂಡಿದ್ದ ದಾವೆಯನ್ನು ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ತೀರ್ಮಾನಿಸಿದ್ದು ಈ ವಿಷಯಕ್ಕೆ ಕಣ್ಣು ತೆರೆಸುವ ಪ್ರಕರಣ. ಪೇಟೆಂಟ್‌ನಲ್ಲಿದ್ದ 55 ಕ್ಲೇಮ್‌ಗಳ ಪೈಕಿ ಎರಡಕ್ಕೆ ಮಾತ್ರ ಕೊಡುಗೆ ನೀಡಿದ್ದ, ಪೇಟೆಂಟ್‌ನಲ್ಲಿ ಹೆಸರೇ ಇಲ್ಲದ ಒಬ್ಬ ತಂತ್ರಜ್ಞನನ್ನು ಪ್ರತಿವಾದಿ ಕಂಪನಿ ಪತ್ತೆ ಹಚ್ಚಿ, ಅವನಿಂದ ಪರವಾನಗಿ ಬರೆಸಿಕೊಂಡಿತು. ಅವನು ಇಡೀ ಪೇಟೆಂಟ್‌ಗೆ ಸಹಮಾಲೀಕನೆಂದು ನಿರ್ಧಾರವಾಯಿತು, ಅವನು ವಾದಿಯಾಗಲು ಒಪ್ಪಲಿಲ್ಲ, ದಾವೆ ಬಿದ್ದುಹೋಯಿತು. ಇಂಥ ಲೋಪ ತಮ್ಮಲ್ಲಿದೆಯೆಂದು ಮೊದಲ ವಾರಗಳಲ್ಲೇ ತಿಳಿದ ವಾದಿ ಸದ್ದಿಲ್ಲದೆ ಹಿಂತೆಗೆದು, ಕಾಗದಪತ್ರ ಸರಿಪಡಿಸಿಕೊಂಡು ಮರಳುತ್ತಾನೆ. ಪೇಟೆಂಟ್ ಕಚೇರಿಯ ವರ್ಗಾವಣೆ ದಾಖಲೆಗಳು ಸಾರ್ವಜನಿಕವಾದುವು. ಮುಂದಿನ ತಿಂಗಳುಗಳಲ್ಲಿ ಆ ಪೇಟೆಂಟ್ ಹೆಸರಿನಲ್ಲಿ ಹೊಸ ವರ್ಗಾವಣೆ ಪತ್ರ ದಾಖಲಾದರೆ, ಎರಡನೆಯ ದಾವೆ ಹತ್ತಿರದಲ್ಲಿದೆ ಎಂದೇ ತಿಳಿಯಿರಿ.

ಮೂರನೆಯದು ಸ್ಥಳದ ತಪ್ಪು. 2017ರ ಟಿ.ಸಿ. ಹಾರ್ಟ್‌ಲ್ಯಾಂಡ್ ತೀರ್ಪಿನ ನಂತರ ಅಮೆರಿಕದ ಕಂಪನಿಯೊಂದರ ಮೇಲೆ ಅದು ನೋಂದಾಯಿತವಾದ ರಾಜ್ಯದಲ್ಲಿ, ಅಥವಾ ಅದಕ್ಕೆ ಕಾಯಂ ವ್ಯವಹಾರ ಸ್ಥಳವಿದ್ದು ಉಲ್ಲಂಘನೆಯೂ ನಡೆದ ಜಿಲ್ಲೆಯಲ್ಲಿ ಮಾತ್ರ ಪೇಟೆಂಟ್ ದಾವೆ ಹೂಡಬಹುದು. ವಿದೇಶಿ ಕಂಪನಿಗೆ ಈ ರಕ್ಷಣೆ ಇಲ್ಲ. ನಿಮ್ಮ ಜೊತೆ ಅಮೆರಿಕದ ವಿತರಕರನ್ನೂ ಪ್ರತಿವಾದಿ ಮಾಡಿದ್ದರೆ, ಅವರ ಕಾರಣದಿಂದ ಜಿಲ್ಲೆ ಬದಲಿಸಲು ಹಿಂತೆಗೆದಿರಬಹುದು. ನ್ಯಾಯಾಲಯಗಳ ದಾಖಲೆಗಳಲ್ಲಿ ನಿಮ್ಮ ವಿತರಕರ ಹೆಸರನ್ನು ಆಗಾಗ ಹುಡುಕಿಸುತ್ತಿರಿ. ನೋಟಿಸ್‌ನಲ್ಲಿ ಯಾರ ಯಾರ ಹೆಸರಿದೆ ನೋಡಿ ಎಂದು ಆರಂಭದಲ್ಲಿ ಹೇಳಿದ್ದೂ ಇದಕ್ಕೇ.

ಕೆಲವು ದಾವೆಗಳು ಅಕಾಲದಲ್ಲಿ ಹುಟ್ಟಿದವು. ಎಫ್‌ಡಿಎಗೆ ಮಾಹಿತಿ ಸಲ್ಲಿಸುವ ಉದ್ದೇಶಕ್ಕೆ ಸಮಂಜಸವಾಗಿ ಸಂಬಂಧಿಸಿದ ಬಳಕೆ ಉಲ್ಲಂಘನೆಯಲ್ಲ ಎಂಬ ವಿನಾಯಿತಿ ಪೇಟೆಂಟ್ ಕಾಯಿದೆಯ 271(ಇ)(1)ರಲ್ಲಿದೆ. ಇದು ಔಷಧಗಳಿಗಷ್ಟೇ ಅಲ್ಲ, ವೈದ್ಯಕೀಯ ಸಾಧನಗಳಿಗೂ ಅನ್ವಯಿಸುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1990ರಲ್ಲಿ ಎಲಿ ಲಿಲ್ಲಿ ಮತ್ತು ಮೆಡ್‌ಟ್ರಾನಿಕ್ ನಡುವಿನ ಪ್ರಕರಣದಲ್ಲಿ ಹೇಳಿತು. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೃದ್ರೋಗ ಸಮ್ಮೇಳನಕ್ಕೆ ಮೆರಿಲ್ ಕಂಪನಿ ಎರಡು ಹೃದಯ ಕವಾಟದ ಮಾದರಿಗಳನ್ನು ತಂದದ್ದಕ್ಕೆ ಎಡ್ವರ್ಡ್ಸ್ ಲೈಫ್‌ಸೈನ್ಸಸ್ ದಾವೆ ಹೂಡಿತ್ತು. ಆ ಆಮದು ಈ ವಿನಾಯಿತಿಯೊಳಗೇ ಬರುತ್ತದೆ ಎಂದು ಫೆಡರಲ್ ಸರ್ಕ್ಯೂಟ್ 2024ರಲ್ಲಿ ಬಹುಮತದಿಂದ ಎತ್ತಿಹಿಡಿಯಿತು. ನೀವಂತೂ ಮಾರಾಟ ಆರಂಭಿಸಿದ್ದೀರಿ, ಆದ್ದರಿಂದ ಈ ವಿನಾಯಿತಿ ನಿಮ್ಮ ಈಗಿನ ಮಾದರಿಗೆ ಸಲ್ಲದು. ಅನುಮತಿಗಾಗಿ ಪರೀಕ್ಷೆಯಲ್ಲಿರುವ ಮುಂದಿನ ಮಾದರಿಗೆ ಸಲ್ಲಬಹುದು.

ವಕೀಲರ ಶುಲ್ಕದ ವಿಷಯದಲ್ಲಿ ನಿಮಗೆ ಬೇಸರವಾಗುವ ಉತ್ತರವನ್ನೇ ಕೊಡಬೇಕಾಗಿದೆ. ಪೇಟೆಂಟ್ ಕಾಯಿದೆಯ 285ನೆಯ ಕಲಮಿನಡಿ ‘ಅಸಾಧಾರಣ’ ಪ್ರಕರಣಗಳಲ್ಲಿ ಗೆದ್ದ ಪಕ್ಷಕ್ಕೆ ವಕೀಲರ ಶುಲ್ಕ ಕೊಡಿಸಬಹುದು, ಮತ್ತು 2014ರ ಆಕ್ಟೇನ್ ಫಿಟ್ನೆಸ್ ತೀರ್ಪಿನ ನಂತರ ‘ಅಸಾಧಾರಣ’ ಎಂದು ತೋರಿಸುವುದು ಮೊದಲಿಗಿಂತ ಸುಲಭವಾಗಿದೆ. ಆದರೆ ಮೊದಲ ಮೆಟ್ಟಿಲು ‘ಗೆದ್ದ ಪಕ್ಷ’ವಾಗುವುದು. 2020ರಲ್ಲಿ ಮಾಸ್‌ಬರ್ಗ್ ಮತ್ತು ಟಿಮ್ನಿ ಟ್ರಿಗರ್ಸ್ ಪ್ರಕರಣದಲ್ಲಿ ಫೆಡರಲ್ ಸರ್ಕ್ಯೂಟ್ ಈ ಬಾಗಿಲನ್ನು ಮುಚ್ಚಿತು. ಅದು ಬಂದೂಕಿನ ಬಿಡಿಭಾಗದ ಪ್ರಕರಣವಾದರೂ ತತ್ವ ನಿಮಗೂ ಅದೇ. ದಾವೆ ದೀರ್ಘಕಾಲ ಸ್ಥಗಿತವಾಗಿದ್ದು, ಆ ನಡುವೆ ಪ್ರತಿವಾದಿ ಪೇಟೆಂಟ್ ಕಚೇರಿಯಲ್ಲಿ ಹೋರಾಡಿ ಮೇಲುಗೈ ಸಾಧಿಸಿದ್ದರೂ, ವಾದಿ ಕೊನೆಗೆ ‘ವಿತೌಟ್ ಪ್ರಿಜುಡೀಸ್’ ನೋಟಿಸ್ ಕೊಟ್ಟು ಹೊರಟದ್ದರಿಂದ, ನ್ಯಾಯಾಲಯದ ಮುದ್ರೆಯುಳ್ಳ ನಿರ್ಣಯ ಯಾವುದೂ ಇಲ್ಲ, ಆದ್ದರಿಂದ ಗೆದ್ದ ಪಕ್ಷವೂ ಇಲ್ಲ ಎಂದು ತೀರ್ಮಾನವಾಯಿತು. ಇದು ನ್ಯಾಯವೇ ಎಂದು ಕೇಳಿದರೆ, ಸಣ್ಣ ಕಂಪನಿಗಳ ಮಟ್ಟಿಗೆ ಅಲ್ಲವೆಂದೇ ನನ್ನ ಅಭಿಪ್ರಾಯ. ಬಲಿಷ್ಠ ಪ್ರತಿಸ್ಪರ್ಧಿಯೊಬ್ಬನು ದಾವೆ ಹೂಡಿ, ನಿಮ್ಮ ಗ್ರಾಹಕರ ಮನಸ್ಸಿನಲ್ಲಿ ಅನುಮಾನ ಬಿತ್ತಿ, ಲೆಕ್ಕ ಕೇಳುವ ಮೊದಲೇ ಹೊರಟುಹೋಗಲು ಇದು ಅವಕಾಶ ಕೊಡುತ್ತದೆ.

ಹಾಗೆಂದು ವಾದಿ ಎಲ್ಲ ಹೊಣೆಯಿಂದಲೂ ತಪ್ಪಿಸಿಕೊಳ್ಳುತ್ತಾನೆ ಎಂದಲ್ಲ. ದಾವೆ ಹೂಡುವ ಮೊದಲು ವಕೀಲರು ಸಮಂಜಸ ವಿಚಾರಣೆ ನಡೆಸಿರಬೇಕೆಂದು 11ನೆಯ ನಿಯಮ ಹೇಳುತ್ತದೆ. ಪೇಟೆಂಟ್ ದಾವೆಯಲ್ಲಿ ಅದರ ಅರ್ಥ, ಕ್ಲೇಮ್‌ಗಳನ್ನು ಓದಿ, ಆರೋಪಿತ ಸಾಧನದೊಂದಿಗೆ ಹೋಲಿಸಿ ನೋಡಿರಬೇಕು. ನೋಟಿಸ್ ಕೊಟ್ಟು ಹಿಂತೆಗೆದರೂ 11ನೆಯ ನಿಯಮದ ಉಲ್ಲಂಘನೆಯನ್ನು ವಿಚಾರಿಸುವ ಅಧಿಕಾರ ನ್ಯಾಯಾಲಯಕ್ಕೆ ಉಳಿದಿರುತ್ತದೆ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಕೂಟರ್ ಆಂಡ್ ಗೆಲ್ ಪ್ರಕರಣದಲ್ಲಿ ಹೇಳಿದೆ. ಆದರೆ 1993ರಲ್ಲಿ ನಿಯಮಕ್ಕೆ ತಿದ್ದುಪಡಿಯಾಗಿ 21 ದಿನಗಳ ಕಾಲಾವಕಾಶ ಸೇರಿತು: ಅರ್ಜಿಯನ್ನು ಮೊದಲು ಎದುರಾಳಿಗೆ ತಲುಪಿಸಬೇಕು, ಅವರು 21 ದಿನಗಳೊಳಗೆ ತಪ್ಪನ್ನು ಹಿಂತೆಗೆದರೆ ಅರ್ಜಿಯನ್ನು ನ್ಯಾಯಾಲಯಕ್ಕೆ ಸಲ್ಲಿಸುವಂತಿಲ್ಲ. ಹಲವು ಬೇಗನೆಯ ಹಿಂತೆಗೆತಗಳ ಹಿಂದೆ ಇರುವುದು ಈ 21 ದಿನಗಳೇ. ಇವಲ್ಲದೆ ನ್ಯಾಯಾಲಯಕ್ಕೆ ತನ್ನದೇ ಆದ ಅಂತರ್ಗತ ಅಧಿಕಾರವಿದೆ. ಡೆಲವೇರ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಕಾಲಮ್ ಕೊನೊಲಿ ಅವರು 2022ರಲ್ಲಿ, ವಾದಿ ಕಂಪನಿಗಳ ನಿಜವಾದ ಮಾಲೀಕರು ಯಾರು, ದಾವೆಗೆ ಹಣ ಹೂಡಿದವರು ಯಾರು ಎಂಬುದನ್ನು ಬಹಿರಂಗಪಡಿಸಬೇಕೆಂದು ಸ್ಥಾಯಿ ಆದೇಶ ಹೊರಡಿಸಿದರು. ವಾದಿ ದಾವೆಯಿಂದ ಹೊರಬರಲು ಯತ್ನಿಸಿದ ಮೇಲೂ ವಿಚಾರಣೆ ಮುಂದುವರಿಸಿ ಅವರು ವಿಧಿಸಿದ್ದ ದಂಡವನ್ನು ಫೆಡರಲ್ ಸರ್ಕ್ಯೂಟ್ 2024ರ ಬ್ಯಾಕರ್‌ಟಾಪ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಇಂಥ ಕ್ರಮ ಕೇವಲ ಪೇಟೆಂಟ್ ಇಟ್ಟುಕೊಂಡು ದಾವೆ ಹೂಡುವ ಸಂಸ್ಥೆಗಳಿಗೆ ಹೆಚ್ಚು ಅನ್ವಯಿಸುತ್ತದೆ. ನಿಮ್ಮ ಎದುರಾಳಿ ನಿಜವಾಗಿಯೂ ಸಾಧನ ತಯಾರಿಸುವ ಕಂಪನಿಯಾದ್ದರಿಂದ ಈ ದಾರಿಯಲ್ಲಿ ಹಣ, ಸಮಯ ಖರ್ಚು ಮಾಡಲು ನಾನು ಸಲಹೆ ಮಾಡಲಾರೆ.

ಈಗ ಆ ಗಡಿಯಾರದ ವಿಷಯ. ಪೇಟೆಂಟ್ ಸಿಂಧುವಲ್ಲ ಎಂದು ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿಯ ಮುಂದೆ ಪ್ರಶ್ನಿಸುವ ‘ಇಂಟರ್ ಪಾರ್ಟೀಸ್ ರಿವ್ಯೂ’ ಎಂಬ ವಿಧಾನ ಪ್ರತಿವಾದಿಗಳ ಕೈಯಲ್ಲಿರುವ ಪ್ರಬಲ ಅಸ್ತ್ರ. ಕಾಯಿದೆಯ 315(ಬಿ) ಕಲಮಿನ ಪ್ರಕಾರ, ಉಲ್ಲಂಘನೆಯ ವಾದಪತ್ರ ನಿಮಗೆ ಜಾರಿಯಾದ ದಿನದಿಂದ ಒಂದು ವರ್ಷದೊಳಗೆ ಈ ಅರ್ಜಿ ಸಲ್ಲಿಸಬೇಕು. ಆಮೇಲೆ ಆ ಪೇಟೆಂಟ್ ಮಟ್ಟಿಗೆ ಈ ದಾರಿ ಮುಚ್ಚಿತು. ದಾವೆಯನ್ನು ಹಿಂತೆಗೆದರೆ ಆ ಜಾರಿ ಆಗಿಯೇ ಇಲ್ಲವೆಂದು ಭಾವಿಸಬಹುದೇ? ಆಗದು ಎಂದು ಫೆಡರಲ್ ಸರ್ಕ್ಯೂಟ್ 2018ರಲ್ಲಿ ಕ್ಲಿಕ್-ಟು-ಕಾಲ್ ಪ್ರಕರಣದಲ್ಲಿ ಹೇಳಿತು. 2020ರಲ್ಲಿ ಸುಪ್ರೀಂ ಕೋರ್ಟ್, ಈ ಕಾಲಮಿತಿಯ ಬಗ್ಗೆ ಪೇಟೆಂಟ್ ಕಚೇರಿ ಮಾಡುವ ನಿರ್ಧಾರವನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಲಾಗದು ಎಂದು ತೀರ್ಮಾನಿಸಿ ಆ ತೀರ್ಪನ್ನು ಬದಿಗೆ ಸರಿಸಿತು. ಪರಿಣಾಮವೆಂದರೆ, ಕಚೇರಿ ನಿಮ್ಮ ವಿರುದ್ಧ ಎಣಿಸಿದರೆ ಹೋಗಲು ಮೇಲಿನ ಕಟ್ಟೆಯೇ ಇಲ್ಲ. ಕಲಮಿನ ಪಠ್ಯದಲ್ಲಿ ಹಿಂತೆಗೆದ ದಾವೆಗೆ ಯಾವ ವಿನಾಯಿತಿಯೂ ಇಲ್ಲ. ಆದ್ದರಿಂದ ಮೊದಲ ದಾವೆಯ ಸಮನ್ಸ್ ತಲುಪಿದ ದಿನದಿಂದಲೇ ವರ್ಷ ಎಣಿಸಿ. ದಾವೆ ಹಿಂತೆಗೆದು, ಪ್ರತಿವಾದಿ ನಿಶ್ಚಿಂತನಾಗಿ ವರ್ಷ ಕಳೆದ ಮೇಲೆ ಅದೇ ಪೇಟೆಂಟ್‌ನೊಂದಿಗೆ ಮರಳುವ ವಾದಿಗೆ ಎಷ್ಟು ದೊಡ್ಡ ಲಾಭವಿದೆ ಎಂಬುದನ್ನು ಯೋಚಿಸಿ.

ಇದರ ಜೊತೆಗೇ ಇನ್ನೊಂದು ಬಲೆ ಇದೆ. ವಾದಿ ಹೋದರೇನು, ನಾವೇ ದಾವೆ ಹೂಡಿ ವಿಷಯ ಇತ್ಯರ್ಥ ಮಾಡಿಕೊಳ್ಳೋಣ ಎಂದು ಯೋಚಿಸುವವರಿದ್ದಾರೆ. 2007ರ ಮೆಡಿಮ್ಯೂನ್ ತೀರ್ಪಿನ ನಂತರ, ನಿಜವಾದ ಹಾಗೂ ತತ್‌ಕ್ಷಣದ ವಿವಾದವಿದ್ದರೆ ಘೋಷಣಾ ದಾವೆಗೆ, ಅಂದರೆ ಉಲ್ಲಂಘನೆ ಆಗಿಲ್ಲ ಅಥವಾ ಪೇಟೆಂಟ್ ಅಸಿಂಧು ಎಂದು ನ್ಯಾಯಾಲಯ ಸಾರಬೇಕೆಂದು ಕೋರುವ ದಾವೆಗೆ, ಅವಕಾಶವಿದೆ. ಒಮ್ಮೆ ದಾವೆ ಹೂಡಿ ಹಕ್ಕು ಉಳಿಸಿಕೊಂಡು ಹೊರಟವರು ಇರುವಾಗ ವಿವಾದವಿದೆ ಎಂದು ತೋರಿಸುವುದು ಕಷ್ಟವಾಗಲಾರದು. ನ್ಯಾಯಾಲಯದ ಆಯ್ಕೆಯೂ ಆಗ ನಿಮ್ಮದಾಗುತ್ತದೆ. ಆದರೆ ಆ ದಾವೆಯಲ್ಲಿ ಪೇಟೆಂಟ್ ಅಸಿಂಧು ಎಂಬ ಘೋಷಣೆಯನ್ನು ನೀವು ಕೇಳಿದರೆ, 315(ಎ)(1) ಕಲಮಿನಂತೆ ಆಮೇಲೆ ಮಂಡಳಿಗೆ ಹೋಗುವ ದಾರಿ ತಪ್ಪುತ್ತದೆ. ವಾದಿ ಹೂಡಿದ ದಾವೆಯಲ್ಲಿ ಪ್ರತಿದಾವೆಯಾಗಿ ಅದನ್ನೇ ಕೇಳಿದರೆ ಈ ತೊಂದರೆ ಇಲ್ಲ. ಆದ್ದರಿಂದ ಘೋಷಣಾ ದಾವೆ ಹೂಡುವುದಾದರೆ ಉಲ್ಲಂಘನೆ ಆಗಿಲ್ಲ ಎಂಬುದಕ್ಕೆ ಸೀಮಿತವಾಗಿರಲಿ, ಅಥವಾ ಮಂಡಳಿಯ ಅರ್ಜಿ ಮೊದಲು ಹೋಗಲಿ. ಪೇಟೆಂಟ್ ಕಚೇರಿಯೇ ಪೇಟೆಂಟ್ ಅನ್ನು ಮತ್ತೆ ಪರಿಶೀಲಿಸುವ ‘ಎಕ್ಸ್ ಪಾರ್ಟೆ ಮರುಪರೀಕ್ಷೆ’ಯ ಕೋರಿಕೆಗೆ ಈ ಒಂದು ವರ್ಷದ ಮಿತಿ ಇಲ್ಲ, ಆದರೆ ಅದರಲ್ಲಿ ಕೋರಿಕೆ ಕೊಟ್ಟವರ ಪಾತ್ರ ಬಹಳ ಕಡಿಮೆ.

ಅವರು ಮತ್ತೆ ಬಂದರೆ ಎಷ್ಟು ಹಿಂದಿನ ಮಾರಾಟಕ್ಕೆ ಪರಿಹಾರ ಕೇಳಬಹುದು? ಹೊಸ ದಾವೆ ಹೂಡಿದ ದಿನದಿಂದ ಹಿಂದಕ್ಕೆ ಆರು ವರ್ಷ. ತಡಮಾಡಿದರು ಎಂಬ ಆಕ್ಷೇಪ ಈ ಆರು ವರ್ಷದೊಳಗಿನ ಪರಿಹಾರಕ್ಕೆ ಅಡ್ಡಿಯಾಗದು ಎಂದು 2017ರಲ್ಲಿ ಎಸ್‌ಸಿಎ ಹೈಜೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪೇಟೆಂಟ್ ಅವಧಿ ಮುಗಿದ ಮೇಲೂ ಹಿಂದಿನ ಮಾರಾಟಕ್ಕೆ ದಾವೆ ಬರಬಹುದು. ಹಿಂತೆಗೆದ ದಾವೆಯನ್ನೇ ತೆರೆಸುವ ದಾರಿಯೂ ಇದೆ: ಹೀಗೆ ಹಿಂತೆಗೆದದ್ದು 60(ಬಿ) ನಿಯಮದ ಅರ್ಥದಲ್ಲಿ ‘ಅಂತಿಮ ಕಲಾಪ’ವೇ ಆದ್ದರಿಂದ ಅದರಿಂದ ಬಿಡುಗಡೆ ಕೇಳಬಹುದು ಎಂದು 2025ರ ಫೆಬ್ರವರಿಯಲ್ಲಿ ವೆಟ್ಜಿಗ್ ಮತ್ತು ಹ್ಯಾಲಿಬರ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಹೇಳಿತು. ಅದಕ್ಕೆ ಆ ನಿಯಮದಲ್ಲಿ ಹೇಳಿದ ಕಾರಣಗಳು ಇರಬೇಕು, ಆದ್ದರಿಂದ ಹೊಸ ದಾವೆಯೇ ಹೆಚ್ಚು ಸಂಭವನೀಯ.

ನನಗೆ ಇದಕ್ಕಿಂತ ಹೆಚ್ಚು ಕಳವಳ ತರುವುದು ‘ಉದ್ದೇಶಪೂರ್ವಕ ಉಲ್ಲಂಘನೆ’ಯ ಪ್ರಶ್ನೆ. 2016ರ ಹೇಲೋ ತೀರ್ಪಿನಂತೆ, ಪೇಟೆಂಟ್ ಇದೆಯೆಂದು ತಿಳಿದೂ ಲೆಕ್ಕಿಸದೆ ನಡೆದುಕೊಂಡವರ ಮೇಲೆ ಮೂರು ಪಟ್ಟಿನವರೆಗೂ ಪರಿಹಾರ ಹೇರುವ ವಿವೇಚನೆ ನ್ಯಾಯಾಲಯಕ್ಕಿದೆ. ದಾವೆ ಬರುವ ಮೊದಲು ‘ನಮಗೆ ಈ ಪೇಟೆಂಟ್ ಗೊತ್ತೇ ಇರಲಿಲ್ಲ’ ಎನ್ನಬಹುದಾಗಿತ್ತು. ಈಗ ವಾದಪತ್ರದ ಪ್ರತಿ ನಿಮ್ಮ ಕಚೇರಿಯಲ್ಲಿದೆ. ವಕೀಲರ ಅಭಿಪ್ರಾಯ ಪಡೆಯಲಿಲ್ಲ ಎಂಬುದನ್ನು ಉದ್ದೇಶ ಸಾಬೀತುಪಡಿಸಲು ಬಳಸುವಂತಿಲ್ಲ ಎಂದು 298ನೆಯ ಕಲಮು ಹೇಳುತ್ತದೆ, ನಿಜ. ಆದರೂ ನಿಮ್ಮ ಸಾಧನ ಆ ಕ್ಲೇಮ್‌ಗಳೊಳಗೆ ಏಕೆ ಬರುವುದಿಲ್ಲ ಎಂಬುದನ್ನು ಅಂಶ ಅಂಶವಾಗಿ ವಿವರಿಸುವ ಲಿಖಿತ ಅಭಿಪ್ರಾಯವನ್ನು ಈಗಲೇ, ದಾವೆಯ ಒತ್ತಡವಿಲ್ಲದ ಈ ದಿನಗಳಲ್ಲೇ, ಪಡೆದಿಟ್ಟುಕೊಳ್ಳಿ. ನಿಮ್ಮ ಎಂಜಿನಿಯರುಗಳು ಈ ಬಗ್ಗೆ ತಮ್ಮೊಳಗೆ ಇ-ಮೇಲ್‌ಗಳಲ್ಲಿ ಊಹೆ ಮಾಡುತ್ತ ಹೋಗದಿರಲಿ. ಆ ಚರ್ಚೆ ವಕೀಲರ ಮೂಲಕವೇ ನಡೆಯಲಿ.

ಉತ್ತರವನ್ನು ಬೇಗ ಸಲ್ಲಿಸಿದ್ದರೆ ಏನಾಗುತ್ತಿತ್ತು ಎಂದು ನೀವು ಕೇಳಿಲ್ಲ, ಆದರೆ ಮುಂದಿನ ಸಲಕ್ಕೆ ತಿಳಿದಿರಬೇಕು. ಉತ್ತರ ತಲುಪಿದ ಮೇಲೆ ವಾದಿಗೆ ಹೊರಹೋಗಲು ಹಾಜರಾದ ಎಲ್ಲ ಪಕ್ಷಗಳ ಸಹಿಯುಳ್ಳ ಒಪ್ಪಂದ ಬೇಕು, ಇಲ್ಲವೇ ನ್ಯಾಯಾಲಯದ ಆದೇಶ ಬೇಕು. ಆದೇಶಕ್ಕೆ ನ್ಯಾಯಾಧೀಶರು ಷರತ್ತು ಹಾಕಬಹುದು. ಉತ್ತರದೊಂದಿಗೆ ಪ್ರತಿದಾವೆ ಹೂಡಿದ್ದರೆ, ನಿಮ್ಮ ಆಕ್ಷೇಪವಿದ್ದಾಗ, ಆ ಪ್ರತಿದಾವೆ ಸ್ವತಂತ್ರವಾಗಿ ಮುಂದುವರಿಯುವಂತಿದ್ದರೆ ಮಾತ್ರ ಮೂಲ ದಾವೆಯನ್ನು ವಜಾ ಮಾಡಬಹುದು. ನಿಮ್ಮ ಸಾಧನ ಕ್ಲೇಮ್‌ಗೆ ಸ್ಪಷ್ಟವಾಗಿ ಹೊರಗಿದ್ದರೆ, ಎರಡನೆಯ ದಾವೆ ಬಂದಾಗ ಕಾಲಾವಕಾಶ ಕೇಳುವ ಬದಲು ಮೊದಲ ವಾರದಲ್ಲೇ ಉತ್ತರ ಮತ್ತು ಪ್ರತಿದಾವೆಯನ್ನು ಸಲ್ಲಿಸುವುದು ಸರಿಯಾದ ನಡೆ. ಅದು ಅಷ್ಟು ಸ್ಪಷ್ಟವಿಲ್ಲದಿದ್ದರೆ, ಎದುರಾಳಿ ತಾನಾಗಿ ಹೋಗುವ ಬಾಗಿಲನ್ನು ಮುಚ್ಚುವುದು ಜಾಣತನವಲ್ಲ.

ಸದ್ಯಕ್ಕೆ ಮಾಡಬೇಕಾದ ಮುಖ್ಯ ಕೆಲಸ, ನಿಮ್ಮ ವಕೀಲರಿಂದ ಎದುರಾಳಿಗೆ ಒಂದು ಸೌಮ್ಯವಾದ ಪತ್ರ ಬರೆಸುವುದು. ನಾವು ಖರ್ಚು ಕೇಳುವುದಿಲ್ಲ, ಪ್ರತಿಯಾಗಿ ನೀವು ‘ವಿತ್ ಪ್ರಿಜುಡೀಸ್’ ಎಂದು ಬರೆದುಕೊಡಿ, ಅಥವಾ ದಾವೆ ಹೂಡುವುದಿಲ್ಲ ಎಂಬ ಕರಾರು ಮಾಡಿಕೊಡಿ ಎಂಬುದು ಅದರ ಸಾರ. ಹಲವು ಬಾರಿ ಇದು ಸಿಗುತ್ತದೆ, ವಿಶೇಷವಾಗಿ ಅವರು ಸಾಧನವನ್ನು ನೋಡಿ ಹಿಂದೆ ಸರಿದಿದ್ದರೆ. ಕರಾರಿನ ಶಬ್ದಗಳನ್ನು ಬಹಳ ಎಚ್ಚರದಿಂದ ಓದಬೇಕು. ಒಂದು ಪೇಟೆಂಟ್ ಬಗ್ಗೆ ಮಾತ್ರವೋ, ಅದರಿಂದ ಕವಲೊಡೆದ ಕಂಟಿನ್ಯುಯೇಷನ್ ಪೇಟೆಂಟ್‌ಗಳ ಕುಟುಂಬಕ್ಕೆಲ್ಲವೋ? ಸಾಧನ ತಯಾರಕರು ಒಂದೇ ಮೂಲ ಅರ್ಜಿಯಿಂದ ವರ್ಷಗಟ್ಟಲೆ ಹೊಸ ಕ್ಲೇಮ್‌ಗಳನ್ನು ಪಡೆಯುತ್ತಲೇ ಇರುತ್ತಾರೆ, ಒಂದೊಂದು ಪೇಟೆಂಟ್‌ಗೂ ಪ್ರತ್ಯೇಕ ದಾವೆ ಸಾಧ್ಯ. ಈಗಿನ ಮಾದರಿ ಸಂಖ್ಯೆಗಳಿಗೆ ಮಾತ್ರವೋ, ಸೂಜಿಯ ಗಾತ್ರ ಬದಲಾದ, ಹಿಡಿಕೆಯ ಪ್ಲಾಸ್ಟಿಕ್ ಬದಲಾದ ಮುಂದಿನ ಮಾದರಿಗಳಿಗೂ ಸಲ್ಲುತ್ತದೆಯೋ? ಪೇಟೆಂಟ್ ಬೇರೆಯವರಿಗೆ ಮಾರಾಟವಾದರೆ ಕೊಂಡವರನ್ನೂ ಕಟ್ಟಿಹಾಕುತ್ತದೆಯೋ? ವಿತರಕರು ಮತ್ತು ಆಸ್ಪತ್ರೆಗಳ ಹೆಸರು ಅದರಲ್ಲಿದೆಯೋ? ಕೊನೆಯದು ಬಹಳ ಮುಖ್ಯ, ಏಕೆಂದರೆ ಸಾಧನವನ್ನು ಬಳಸುವುದೂ ಉಲ್ಲಂಘನೆಯೇ. ‘ವಿತ್ ಪ್ರಿಜುಡೀಸ್’ ವಜಾ ಸಿಕ್ಕರೆ, ಆ ಉತ್ಪನ್ನವನ್ನು ಬಳಸುವ ಗ್ರಾಹಕರ ಮೇಲೂ ಅದೇ ಪೇಟೆಂಟ್‌ನಡಿ ಆಮೇಲೆ ದಾವೆ ಹೂಡುವಂತಿಲ್ಲ ಎಂ‌ದು 2020ರ ಪರ್ಸನಲ್‌ವೆಬ್ ತೀರ್ಪಿನಲ್ಲಿ ಫೆಡರಲ್ ಸರ್ಕ್ಯೂಟ್ ಹೇಳಿದೆ. ನಿಮ್ಮ ವಿತರಕರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ.

ಎದುರಾಳಿ ಬದಲಿಗೆ ‘ಸ್ಟ್ಯಾಂಡ್‌ಸ್ಟಿಲ್’ ಒಪ್ಪಂದ, ಅಂದರೆ ಮಾತುಕತೆ ನಡೆಯುವವರೆಗೆ ಇಬ್ಬರೂ ಸುಮ್ಮನಿರೋಣ, ಆ ಕಾಲವನ್ನು ಲೆಕ್ಕಕ್ಕೆ ಹಿಡಿಯದಿರೋಣ ಎಂಬ ಕರಾರು ಮುಂದಿಟ್ಟರೆ, ತಕ್ಷಣ ಸಹಿ ಹಾಕಬೇಡಿ. ಅದು ಅವರ ಆರು ವರ್ಷಗಳ ಲೆಕ್ಕವನ್ನು ಕಾಪಾಡುತ್ತದೆ. ನಿಮ್ಮ ಒಂದು ವರ್ಷದ ಗಡುವು ಕಾಯಿದೆ ಹಾಕಿದ್ದು, ಇಬ್ಬರ ನಡುವಿನ ಕರಾರಿನಿಂದ ಅದು ಮುಂದಕ್ಕೆ ಹೋಗುತ್ತದೆಂದು ನಂಬಿ ಕೂರಲಾಗದು. ಪತ್ರವ್ಯವಹಾರ ಯಾವ ಹಂತದಲ್ಲೇ ಇರಲಿ, ಸಮನ್ಸ್ ತಲುಪಿ ಎಂಟು ತಿಂಗಳಾಗುವ ಹೊತ್ತಿಗೆ ಮಂಡಳಿಯ ಮುಂದಿನ ಅರ್ಜಿಯ ಕರಡು ಸಿದ್ಧವಿರಬೇಕು, ಪೇಟೆಂಟ್‌ಗಿಂತ ಹಳೆಯ ತಂತ್ರಜ್ಞಾನದ ಶೋಧ ಅದಕ್ಕಿಂತ ಮೊದಲೇ ಮುಗಿದಿರಬೇಕು. ವಿನ್ಯಾಸದ ನಕ್ಷೆಗಳು, ಪರೀಕ್ಷಾ ವರದಿಗಳು, ಎಫ್‌ಡಿಎ ಕಡತ, ಸಾಧನದ ಪ್ರತಿಯೊಂದು ಆವೃತ್ತಿಯ ಮಾದರಿ, ಇವುಗಳನ್ನು ನಾಶಮಾಡಬಾರದೆಂದು ದಾವೆ ಬಂದಾಗ ಹೊರಡಿಸಿದ ಸೂಚನೆಯನ್ನು ದಾವೆ ಹೋಯಿತೆಂದು ಹಿಂಪಡೆಯಬೇಡಿ.